ಹಕ್ಕಿಗೊಂದು ಖಾತೆ, ಪತಂಗಕ್ಕೊಂದು ಖಾತೆ

ಬ್ಯಾಂಕಿನವರ ಹೊಸ ವರ್ಷ ಜನವರಿಗೂ ಬರುವುದಿಲ್ಲ, ಯುಗಾದಿಗೂ ಬರುವುದಿಲ್ಲ. ಏಪ್ರಿಲ್ 1ಕ್ಕೆ ಬರುತ್ತದೆ. ಜೀವಮಾನವೆಲ್ಲ ಗುಮಾಸ್ತನಾಗಿ ಲೆಡ್ಜರ್ ಬರೆದ ನನಗೆ ನಿವೃತ್ತಿಯಾಗಿ ಹತ್ತು ಹದಿನೈದು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ. ಕೆಂಕೆರೆಯ ನಮ್ಮ ಮನೆಯಲ್ಲಿ ಈಗಲೂ ಪ್ರತಿ ಏಪ್ರಿಲ್ 1ರಂದು ಹೊಸ ಪುಸ್ತಕ ತೆರೆಯುತ್ತದೆ. ಎಡಗಡೆಯ ಪುಟ ಹಕ್ಕಿಗಳಿಗೆ, ಬಲಗಡೆಯ ಪುಟ ಪತಂಗಗಳಿಗೆ. ಜೂನ್ ನಡುವಿನವರೆಗೆ, ಅಂದರೆ ಬೇಸಿಗೆ ರಜೆ ಮುಗಿದು ಮೊಮ್ಮಕ್ಕಳು ಶಾಲೆಗೆ ಹೊರಟು ನಾಲ್ಕು ದಿನವಾಗುವವರೆಗೆ, ಅದನ್ನು ತಪ್ಪದೆ ಬರೆಯುತ್ತೇವೆ.

ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಹೋಬಳಿಯಲ್ಲಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೇರಿದರೆ ತೆಂಗಿನ ಸೀಮೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಬರೀ ತೆಂಗು, ಮತ್ತೆ ತೆಂಗು. ‘ಇಲ್ಲೇನು ಹಕ್ಕಿ ಸಿಗುತ್ತೆ, ಕಾಡಿಗೆ ಹೋಗಬೇಕು’ ಎಂದು ಬೆಂಗಳೂರಿನ ನೆಂಟರು ಹೇಳುತ್ತಾರೆ. ತೋಟದ ಮಧ್ಯೆ ಒಂದು ಬಾವಿ, ಬೇಲಿಯಲ್ಲಿ ಜಾಲಿ, ಹುಣಸೆ, ಹೊಂಗೆ, ಆಚೆಗೆ ಒಣಗಿದ ಕೆರೆಯ ಅಂಗಳ, ಅದರಾಚೆ ಹೆಸರುಕಾಳು ಬಿತ್ತುವ ಹೊಲ. ಇಷ್ಟರಲ್ಲೇ ಮೂರು ತಿಂಗಳು ಬರೆದರೂ ಮುಗಿಯದಷ್ಟು ಜಮಾ ಖರ್ಚು ಇದೆ.

ಬರೆಯುವ ಕ್ರಮ ಹೇಳಿಬಿಡುತ್ತೇನೆ. ತಾರೀಖು, ಹೊತ್ತು, ಜಾಗ, ಯಾವ ಮರ, ಏನು ಕಂಡಿತು, ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ ‘ಗೊರವಂಕದಷ್ಟು ದೊಡ್ಡದು, ಕಂದು ಬೆನ್ನು, ಹುಬ್ಬು ಬಿಳಿ’ ಎಂದು ಬರೆದರೂ ಆಯಿತು. ಹೆಸರು ಆಮೇಲೆ ಸಿಗುತ್ತದೆ. ಇನ್ನೊಂದು ಅಂಕಣವನ್ನು ಮಕ್ಕಳು ಮೊದಮೊದಲು ಒಪ್ಪುವುದಿಲ್ಲ. ಅದು ‘ನಿಲ್’. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದೇ ಬರೆಯಬೇಕು. ‘ಕಾಣದೇ ಇದ್ದದ್ದನ್ನ ಯಾಕೆ ಬರೀಬೇಕು ತಾತ?’ ಎಂದು ಆರನೇ ತರಗತಿಯ ಮೊಮ್ಮಗಳು ಕೇಳಿದಳು. ಬ್ಯಾಂಕಿನಲ್ಲಿ ಒಂದು ದಿನ ವ್ಯವಹಾರವೇ ಆಗದಿದ್ದರೂ ಪುಟ ಖಾಲಿ ಬಿಡುವ ಹಾಗಿಲ್ಲ. ಖಾಲಿ ಪುಟ ನೋಡಿದವನಿಗೆ ಅಂದು ಏನೂ ನಡೆಯಲಿಲ್ಲವೋ, ಗುಮಾಸ್ತ ರಜೆ ಹಾಕಿದ್ದನೋ ತಿಳಿಯುವುದಿಲ್ಲ ಎಂದೆ. ಅವಳಿಗೆ ಅದು ಹಿಡಿಸಿತು. ಈಗ ‘ನಿಲ್’ ಬರೆಯುವ ಕೆಲಸ ಅವಳದೇ.

ತಾರೀಖಿನ ಪಕ್ಕದಲ್ಲಿ ಮಳೆಯ ಹೆಸರನ್ನೂ ಹಾಕುತ್ತೇವೆ. ಅಜ್ಜ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ: ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ ಎಂಬುದು ಪಂಚಾಂಗದ ಲೆಕ್ಕ. ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ. ನಮ್ಮ ಕಡೆ ಹೆಸರುಕಾಳು ಬಿತ್ತುವುದೂ ಈ ಲೆಕ್ಕದಲ್ಲೇ. ಹಕ್ಕಿ ಮತ್ತು ಪತಂಗಗಳೂ ಹೆಚ್ಚು ಕಡಿಮೆ ಇದೇ ಪಂಚಾಂಗ ಇಟ್ಟುಕೊಂಡಿವೆ ಎಂಬುದು ನನ್ನ ಪುಸ್ತಕದಿಂದ ನಾನು ಕಂಡುಕೊಂಡ ಸಂಗತಿ. ಬರೆಯದೇ ಇದ್ದರೆ ಅದು ತಿಳಿಯುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ಹೋಗುವವರ ಲೆಕ್ಕ. ಚಳಿಗಾಲಕ್ಕೆಂದು ದೂರದಿಂದ ಬಂದಿದ್ದ ಕುಂಡೆಕುಸ್ಕಗಳು ಬಾಲ ಕುಣಿಸುತ್ತಾ ಕೆರೆ ಏರಿಯ ಮೇಲೆ ಇನ್ನೂ ಒಂದೆರಡು ಇರುತ್ತವೆ. ಒಂದು ಬೆಳಿಗ್ಗೆ ಹೋದರೆ ಇರುವುದಿಲ್ಲ. ಅಲ್ಲಿಂದ ಮುಂದೆ ಮಳೆಗಾಲ ಕಳೆಯುವವರೆಗೆ ಅವುಗಳ ಸಾಲಿನಲ್ಲಿ ನಿಲ್, ನಿಲ್, ನಿಲ್. ಅದೇ ಹೊತ್ತಿಗೆ ಕೋಗಿಲೆಯ ಗಂಟಲು ಬಿಚ್ಚಿಕೊಂಡಿರುತ್ತದೆ. ಹಾಡುವ ಕೋಗಿಲೆ ಹೆಣ್ಣು ಎಂದು ಬಹಳ ಜನ ನಂಬಿದ್ದಾರೆ. ‘ಕುಹೂ’ ಎಂದು ಸ್ವರ ಏರಿಸುತ್ತಾ ಹೋಗುವುದು ಕಪ್ಪು ಬಣ್ಣದ ಗಂಡು. ಹೆಣ್ಣು ಕಂದು ಬಣ್ಣದ್ದು, ಮೈಮೇಲೆ ಬಿಳಿ ಚುಕ್ಕೆ, ‘ಕಿಕ್ ಕಿಕ್ ಕಿಕ್’ ಎನ್ನುತ್ತದೆ. ಗಂಡು ಕೂಗಿ ಕಾಗೆಯಿಂದ ಅಟ್ಟಿಸಿಕೊಂಡು ಹೋಗುವ ಹೊತ್ತಿನಲ್ಲಿ ಹೆಣ್ಣು ಕಾಗೆ ಗೂಡಿಗೆ ಇಳಿದು ಮೊಟ್ಟೆ ಇಟ್ಟು ಬರುತ್ತದೆ. ಕಾಗೆ ಗೂಡು ಕಟ್ಟಿದ್ದು ಯಾವ ಮರದಲ್ಲಿ ಎಂದು ಬರೆದಿಟ್ಟರೆ ಕೋಗಿಲೆ ಮರಿ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಕಾಗಿಲ್ಲ.

ಈ ಸಲ ನಮ್ಮ ಪುಸ್ತಕದಲ್ಲಿ ಹೆಚ್ಚು ಪುಟ ತಿಂದದ್ದು ಟಿಟ್ಟಿಭ. ಕೆಂಪು ಗಲ್ಲ, ಹಳದಿ ಕಾಲು, ಮನುಷ್ಯರನ್ನು ಕಂಡರೆ ಊರೆಲ್ಲ ಕೇಳುವ ಹಾಗೆ ಕಿರುಚುವ ಹಕ್ಕಿ. ರಾತ್ರಿ ಮಲಗುವಾಗ ಆಕಾಶ ಬೀಳದಿರಲೆಂದು ಕಾಲು ಮೇಲೆತ್ತಿ ಮಲಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದು ಸುಳ್ಳು, ಆದರೆ ಆ ಹಕ್ಕಿಯ ಧೈರ್ಯಕ್ಕೆ ಒಪ್ಪುವ ಸುಳ್ಳು. ಪಂಚತಂತ್ರದಲ್ಲೂ ಇದರ ಕತೆ ಇದೆ. ಸಮುದ್ರ ಮೊಟ್ಟೆಗಳನ್ನು ನುಂಗಿದಾಗ ಟಿಟ್ಟಿಭ ದಂಪತಿ ಸಮುದ್ರದ ಮೇಲೇ ಜಗಳಕ್ಕೆ ನಿಂತ ಕತೆ. ನಮ್ಮೂರಿನಲ್ಲಿ ಸಮುದ್ರವಿಲ್ಲ. ಆ ಪಾತ್ರವನ್ನು ಟ್ರ್ಯಾಕ್ಟರ್ ವಹಿಸಿಕೊಂಡಿತ್ತು.

ಬೇಸಿಗೆಯಲ್ಲಿ ಕೆರೆ ಒಣಗಿದರೆ ಗೋಡು ಹೊಡೆಯುವ ಕೆಲಸ ಶುರುವಾಗುತ್ತದೆ. ಕೆರೆಯಂಗಳದ ಹೂಳುಮಣ್ಣು ತೆಂಗಿಗೆ ಒಳ್ಳೆಯ ಗೊಬ್ಬರ. ಜೆಸಿಬಿ ಎತ್ತಿ ಹಾಕುತ್ತದೆ, ಟ್ರ್ಯಾಕ್ಟರ್‌ಗಳು ಸಾಲಾಗಿ ತೋಟಕ್ಕೆ ಸಾಗಿಸುತ್ತವೆ. ಕೆರೆಗೂ ಒಳ್ಳೆಯದು, ತೋಟಕ್ಕೂ ಒಳ್ಳೆಯದು. ತೊಂದರೆ ಏನೆಂದರೆ ಟಿಟ್ಟಿಭ ಮೊಟ್ಟೆ ಇಡುವುದೂ ಅದೇ ಬಯಲಿನಲ್ಲಿ, ಅದೇ ತಿಂಗಳುಗಳಲ್ಲಿ. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ಕಲ್ಲುಹರಳು, ನಾಲ್ಕು ಆಡಿನ ಹಿಕ್ಕೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಮೇಲೆ ಕಪ್ಪು ಮಚ್ಚೆ.

ಏಪ್ರಿಲ್ 9ರ ಬೆಳಿಗ್ಗೆ ಆರೂಮುಕ್ಕಾಲಿಗೆ ಮೊಮ್ಮಗಳು, ಪಕ್ಕದ ಮನೆಯ ಇಬ್ಬರು ಹುಡುಗರು ಮತ್ತು ನಾನು ಕೆರೆಯಂಗಳಕ್ಕೆ ಹೋದೆವು. ಒಂದು ಟಿಟ್ಟಿಭ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚಿತು. ಇನ್ನೊಂದು ದೂರದಲ್ಲಿ ತಲೆ ತಗ್ಗಿಸಿ ಓಡಿತು. ಕೂಗುವುದರ ಕಡೆ ನೋಡಬೇಡಿ, ಸದ್ದಿಲ್ಲದೆ ಎದ್ದು ಹೋದದ್ದು ಎಲ್ಲಿಂದ ಎದ್ದಿತು ಎಂದು ನೋಡಿ ಎಂದೆ. ಐದು ನಿಮಿಷ ಹುಡುಕಿ ಚಿಕ್ಕ ಹುಡುಗ ‘ತಾತ, ಕಲ್ಲಿನ ಪಕ್ಕ ಮೊಟ್ಟೆ, ನಾಕೈತೆ’ ಎಂದ. ದೊಡ್ಡವನು ‘ಲೇ, ಅದೂ ಕಲ್ಲೇ ಕಣೋ’ ಎಂದ. ಮೊಟ್ಟೆಗಳೇ. ಚೂಪು ತುದಿಗಳು ಒಳಮುಖವಾಗಿ, ಹೂವಿನ ಎಸಳಿನಂತೆ ಜೋಡಿಸಿದ್ದವು. ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾವು ನಿಂತಷ್ಟು ಹೊತ್ತು ಅವು ಬಿಸಿಲಿಗೆ ಬೇಯುತ್ತವೆ, ಮರದ ಮೇಲಿನ ಕಾಗೆಗೂ ಜಾಗ ತಿಳಿದುಹೋಗುತ್ತದೆ.

ಗೋಡು ತೆಗೆಯುವ ಗುಂಡಿ ಅಲ್ಲಿಂದ ನಲವತ್ತು ಹೆಜ್ಜೆ. ಎರಡು ದಿನಕ್ಕೆ ಇಪ್ಪತ್ತೈದು ಹೆಜ್ಜೆಗೆ ಬಂತು. ಮಕ್ಕಳು ಹೆಜ್ಜೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅದನ್ನೇ ತೆಗೆದುಕೊಂಡು ಟ್ರ್ಯಾಕ್ಟರ್ ಓಡಿಸುವ ನಮ್ಮೂರ ಹುಡುಗನ ಹತ್ತಿರ ಹೋದೆ.

‘ನಾಕ್ ಮೊಟ್ಟೆಗೆ ಎಷ್ಟ್ ಲೋಡ್ ಬುಡ್ಬೇಕು ಬ್ಯಾಂಕಿನೋರೆ?’ ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ಲೆಕ್ಕದ ಮಾತು. ಅವನಿಗೆ ಲೋಡಿಗಿಷ್ಟು ಎಂದು ಕೂಲಿ.

‘ಬಿಡೋದು ಬೇಡ ಕಣಪ್ಪ, ಆ ಕಡೆಯಿಂದ ತೆಗೀರಿ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಮರಿ ಆಗುತ್ತೆ. ಆಮೇಲೆ ಇಲ್ಲಿ ತೆಗೀಬಹುದು’ ಎಂದೆ. ಟಿಟ್ಟಿಭ ಕಾವು ಕೂರುವುದು ಸುಮಾರು 28ರಿಂದ 30 ದಿನ. ಮರಿಗಳು ಹುಟ್ಟಿದ ದಿನವೇ ಎದ್ದು ನಡೆಯುತ್ತವೆ, ಗೂಡಿನ ಹಂಗಿಲ್ಲ. ಸಿರಾ ತಾಲ್ಲೂಕಿನ ಕಗ್ಗಲಡುವಿನ ಸಂಗತಿಯನ್ನೂ ಹೇಳಿದೆ. ಅದೂ ನಮ್ಮ ಜಿಲ್ಲೆಯದೇ ಊರು. ಅಲ್ಲಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಬಂದು ಗೂಡು ಕಟ್ಟುತ್ತವೆ, ಮನೆಗಳ ನೆತ್ತಿಯ ಮೇಲೇ. ಹಿಕ್ಕೆಯ ವಾಸನೆ, ಗಲಾಟೆ ಎಲ್ಲವನ್ನೂ ಸಹಿಸಿಕೊಂಡು ಊರವರು ಅವನ್ನು ಕಾಯುತ್ತಾರೆ. ಹುಡುಗ ತಲೆ ಕೆರೆದುಕೊಂಡು, ‘ಜೆಸಿಬಿಯೋನ್ ಕೇಳ್ಬೇಕು’ ಎಂದ. ಕೇಳಿದ. ಮರುದಿನ ಗುಂಡಿ ತೂಬಿನ ಕಡೆಗೆ ತಿರುಗಿತ್ತು. ಮಕ್ಕಳು ಮೊಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು ಇಟ್ಟರು. ಹತ್ತಿರ ಇಡಬೇಡಿ ಎಂದು ಗದರಿದ್ದು ನಾನೇ. ಗುರುತು ಕಾಗೆ ನಾಯಿಗಳಿಗೂ ಗುರುತೇ.

ಆ ಮೇಲಿನ ದಿನಗಳಲ್ಲಿ ಕಂಡದ್ದನ್ನು ಮಕ್ಕಳು ಮರೆಯಲಾರರು. ಮಧ್ಯಾಹ್ನದ ಬಿಸಿಲಲ್ಲಿ ನೆಲ ಕಾದ ಹೆಂಚು. ಆಗ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರಲಿಲ್ಲ, ತಂಪು ಕೊಡುತ್ತಿತ್ತು. ತೂಬಿನ ಬಳಿ ಉಳಿದಿದ್ದ ಸ್ವಲ್ಪ ನೀರಿಗೆ ಹೋಗಿ ಹೊಟ್ಟೆಯ ಪುಕ್ಕಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಒಂದು ದಿನ ಏರಿಯ ಮೇಲಿನ ಹೊಂಗೆ ನೆರಳಲ್ಲಿ ಕೂತು ಎಣಿಸಿದೆವು. 12ರಿಂದ 3 ಗಂಟೆಯೊಳಗೆ ಏಳು ಸಲ ನೀರಿಗೆ ಹೋಗಿತ್ತು. ಗಂಡು ಹೆಣ್ಣು ಎರಡೂ ಸರದಿಯಂತೆ ಮಾಡುತ್ತವೆ. ಮೇ 3ರ ಬೆಳಿಗ್ಗೆ ಮೂರು ಮರಿ. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಹತ್ತಿಯ ಉಂಡೆಗೆ ಕಡ್ಡಿ ಸಿಕ್ಕಿಸಿದಂತಿದ್ದ ಮರಿಗಳು ತಾಯಿ ಒಮ್ಮೆ ಕೂಗಿದರೆ ನೆಲಕ್ಕೆ ಅಂಟಿ ಕಲ್ಲಾಗುತ್ತಿದ್ದವು. ಮಧ್ಯಾಹ್ನ ಹೋಗಿ ನೋಡಿದಾಗ ಅಲ್ಲಿ ಒಂದೂ ಇರಲಿಲ್ಲ. ನೀರಿನ ಕಡೆಗೆ ನಡೆದುಹೋಗಿದ್ದವು. ಟ್ರ್ಯಾಕ್ಟರ್ ಹುಡುಗ ತಾನೇ ಬಂದು, ‘ಎಷ್ಟಾತು?’ ಎಂದು ವಿಚಾರಿಸಿದ.

ಈಗ ಬಲಗಡೆಯ ಪುಟ.

ಪತಂಗ ಎಂದರೆ ನಮ್ಮ ಕಡೆ ಪ್ರತ್ಯೇಕ ಹೆಸರೇ ಇಲ್ಲ. ಎಲ್ಲವೂ ಚಿಟ್ಟೆ, ಇಲ್ಲವೇ ದೀಪದ ಹುಳ. ಭಾರತದಲ್ಲಿ ಚಿಟ್ಟೆಗಳು ಒಂದೂವರೆ ಸಾವಿರ ಜಾತಿಯೊಳಗೆ ಮುಗಿಯುತ್ತವೆ. ಪತಂಗಗಳು ಹತ್ತು ಸಾವಿರಕ್ಕೂ ಹೆಚ್ಚು. ಚಿಟ್ಟೆಯ ಮೀಸೆಯ ತುದಿಯಲ್ಲಿ ಬೆಂಕಿಕಡ್ಡಿಯಂತೆ ಗುಂಡು ಇರುತ್ತದೆ. ಪತಂಗದ ಮೀಸೆ ದಾರದಂತೆ ಅಥವಾ ಗರಿಯಂತೆ. ಕೂತಾಗ ಚಿಟ್ಟೆಗಳಲ್ಲಿ ಹೆಚ್ಚಿನವು ರೆಕ್ಕೆ ಮೇಲಕ್ಕೆ ಮಡಿಸುತ್ತವೆ, ಪತಂಗಗಳಲ್ಲಿ ಹೆಚ್ಚಿನವು ಚಾಪೆಯಂತೆ ಹರಡುತ್ತವೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆ ಕೂಡ ಒಂದು ಪತಂಗದ ಮರಿ ನೂತದ್ದೇ. ಸಾವಿರಾರು ವರ್ಷ ಮನುಷ್ಯರ ಸಾಕಣೆಯಲ್ಲಿದ್ದು ಆ ಪತಂಗ ಹಾರುವುದನ್ನೇ ಮರೆತಿದೆ. ಜಾಲಿ ಮರದಲ್ಲಿ ಕಡ್ಡಿ ಚೂರುಗಳನ್ನು ಅಂಟಿಸಿದ ಚೀಲ ನೇತಾಡುವುದನ್ನು ನೀವು ನೋಡಿರಬಹುದು. ಅದರೊಳಗೆ ಇರುವುದೂ ಪತಂಗದ ಹುಳುವೇ. ಹೋದಲ್ಲೆಲ್ಲ ಮನೆ ಹೊತ್ತುಕೊಂಡೇ ಹೋಗುತ್ತದೆ.

ನಮ್ಮ ಸಲಕರಣೆ ಬಡವರದು. ನನ್ನದೊಂದು ಹಳೆಯ ಬಿಳಿ ಪಂಚೆ, ಎರಡು ಗಳ, ಒಂದು ಹಳೆಯ ಸಿಎಫ್‌ಎಲ್ ಬಲ್ಬು. ಕೊಬ್ಬರಿ ಮನೆಯ ಗೋಡೆಯ ಪಕ್ಕ ಪಂಚೆ ಕಟ್ಟಿ ರಾತ್ರಿ ಏಳೂವರೆಗೆ ದೀಪ ಹಾಕುತ್ತೇವೆ. ಒಂಬತ್ತಕ್ಕೆ ಆರಿಸುತ್ತೇವೆ. ರಾತ್ರಿಯಿಡೀ ಉರಿಸಿದರೆ ಪಾಪ, ಅವು ಸುತ್ತಿ ಸುತ್ತಿ ದಣಿಯುತ್ತವೆ, ಬೆಳಿಗ್ಗೆ ಗೊರವಂಕಗಳಿಗೆ ಪುಕ್ಕಟೆ ಊಟವಾಗುತ್ತವೆ. ಹುಣ್ಣಿಮೆಗಿಂತ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚು ಬರುತ್ತವೆ. ಕರೆಂಟು ಹೋದರೆ ಅದನ್ನೂ ಬರೆಯುತ್ತೇವೆ. ಎರಡನೆಯ ದಿನದಿಂದಲೇ ಹಳೆಯ ತೆಂಗಿನ ಪೊಟರೆಯ ಹಾಲಕ್ಕಿಯೊಂದು ತಂತಿಯ ಮೇಲೆ ಬಂದು ಕೂರತೊಡಗಿತು. ಅದಕ್ಕೆ ನಮ್ಮ ಪಂಚೆಯೇ ಹೋಟೆಲು.

ಪತಂಗಗಳು ದೀಪಕ್ಕೆ ಬರುವುದೇಕೆ? ಆಸೆಗೆ ಬಿದ್ದು ಸುಟ್ಟುಹೋಗುತ್ತವೆ ಎಂದು ಪುರಾಣ ಹೇಳುವವರು ಹೇಳುತ್ತಾರೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಮಾತು ಹೇಳಿತು. ವಿಜ್ಞಾನಿಗಳು ಅತಿ ವೇಗದ ಕ್ಯಾಮೆರಾದಲ್ಲಿ ಹುಳುಗಳ ಹಾರಾಟ ಚಿತ್ರಿಸಿದರು. ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳಕು. ಬೆಳಕಿರುವ ಕಡೆಗೆ ಬೆನ್ನು ಮಾಡಿ ಹಾರಿದರೆ ಮೇಲು ಕೆಳಗು ತಪ್ಪುವುದಿಲ್ಲ. ಈಗ ಬಲ್ಬು ಪಕ್ಕದಲ್ಲಿದ್ದರೆ ಅದರ ಕಡೆ ಬೆನ್ನು ಮಾಡಲು ಹೋಗಿ ದಾರಿ ವಾಲುತ್ತದೆ, ಸುತ್ತು ಸುತ್ತುವಂತಾಗುತ್ತದೆ. ಅಂದರೆ ಅವು ದೀಪವನ್ನು ಬಯಸಿ ಬಂದವಲ್ಲ, ದೀಪದ ಬಳಿ ದಿಕ್ಕು ತಪ್ಪಿದವು. ಈ ಪರೀಕ್ಷೆಯಲ್ಲಿ ಬೆನ್ನು ತಿರುಗಿಸದೆ ನೆಟ್ಟಗೆ ಹಾರಿದ ಒಂದೆರಡರಲ್ಲಿ ಕಣಗಿಲೆ ಪತಂಗವೂ ಒಂದು. ಹಸಿರು ಅಮೃತಶಿಲೆಯಂಥ ರೆಕ್ಕೆಯ ಆ ಪತಂಗದ ಹುಳು ನಮ್ಮ ಮನೆ ಮುಂದಿನ ನಂದಿಬಟ್ಟಲಿನಲ್ಲೇ ಇತ್ತು. ಬೆರಳುದ್ದ, ಹಸಿರು, ಮುಟ್ಟಲು ಹೋದರೆ ಕತ್ತು ಉಬ್ಬಿಸಿ ಎರಡು ನೀಲಿ ಕಣ್ಣು ತೋರಿಸುತ್ತದೆ. ಅವು ಕಣ್ಣಲ್ಲ, ಬರೀ ಬಣ್ಣ. ನಮ್ಮ ಮನೆಯಾಕೆ ಪೂಜೆಯ ಹೂವಿನ ಗಿಡ ಬೋಳಾಯಿತೆಂದು ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗಿಡ ಮತ್ತೆ ಚಿಗುರಿತು.

ಬಲಗಡೆಯ ಪುಟದಲ್ಲಿ ಬಂದದ್ದೆಲ್ಲ ಇಂಥ ಸೊಗಸಲ್ಲ. ತೆಂಗಿನ ಸೀಮೆಯವರ ನಿದ್ದೆ ಕೆಡಿಸುವ ಕಪ್ಪುತಲೆ ಹುಳುವೂ ಪತಂಗದ ಮರಿಯೇ. ಒಣ ಬೇಸಿಗೆಯಲ್ಲಿ ಇದರ ಹಾವಳಿ ಹೆಚ್ಚು. ಗರಿಯ ಅಡಿಯಲ್ಲಿ ನೂಲು ಮತ್ತು ತನ್ನದೇ ಹಿಕ್ಕೆ ಸೇರಿಸಿ ಸುರಂಗ ಕಟ್ಟಿಕೊಂಡು ಒಳಗಿದ್ದು ಹಸಿರು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದು ಆರಿದಂತೆ ಕಾಣುತ್ತದೆ. ಮೊಟ್ಟೆಯಿಂದ ಪತಂಗವಾಗಲು ಸುಮಾರು ಎರಡು ತಿಂಗಳು. ಬೂದು ಬಣ್ಣದ ಸಣ್ಣ ಪತಂಗ. ನಮ್ಮ ಪಂಚೆಗೆ ಬಂದದ್ದು ಅಪರೂಪ. ಅದಕ್ಕೇ ಭಾನುವಾರಕ್ಕೊಮ್ಮೆ ಗುರುತು ಹಾಕಿದ ಹತ್ತು ಮರಗಳಲ್ಲಿ ಕೆಳಗಿನ ಗರಿಗಳನ್ನು ನೋಡಿ ಎಷ್ಟಕ್ಕೆ ತಗುಲಿದೆ ಎಂದು ಬರೆಯುತ್ತಿದ್ದೆವು. ಏಪ್ರಿಲ್ ಎರಡನೆಯ ಭಾನುವಾರ ಎರಡು ಗರಿ. ಮೂರನೆಯದಕ್ಕೆ ಐದು. ನಾಲ್ಕನೆಯದಕ್ಕೆ ಹದಿಮೂರು, ಬೇಲಿಯಾಚೆಯ ತೋಟದಲ್ಲೂ ಕಾಣಿಸಿಕೊಂಡಿತು.

ಆ ತೋಟದ ಗೌಡರು ಔಷಧಿ ಹೊಡೆಸಲು ಆಳು ಗೊತ್ತು ಮಾಡಿದ್ದರು. ಅವರ ಸಂಕಟ ಸುಳ್ಳಲ್ಲ. ವರ್ಷದ ಕೊಬ್ಬರಿಯ ಮೇಲೆ ಮಗನ ಓದಿನ ಖರ್ಚು ನಿಂತಿದೆ. ‘ಗೌಡ್ರೇ, ಒಂದು ದಿನ ತಡೀರಿ’ ಎಂದು ಕೇಳಿಕೊಂಡು ಇಬ್ಬರೂ ಪುಸ್ತಕ ಹಿಡಿದು ತೋಟಗಾರಿಕೆ ಇಲಾಖೆಗೆ ಹೋದೆವು. ಅಲ್ಲಿನ ಅಧಿಕಾರಿ ಮೊದಲು ಕೇಳಿದ್ದೇ ‘ಯಾವಾಗ ಶುರುವಾಯ್ತು, ಎಷ್ಟು ಮರ?’ ಎಂದು. ಸಾಮಾನ್ಯವಾಗಿ ರೈತರು ‘ಈಗ ಒಂದ್ ತಿಂಗಳಿಂದ’ ಎನ್ನುತ್ತಾರಂತೆ. ನಾವು ತಾರೀಖಿನ ಸಮೇತ ಪುಟ ತೆರೆದಿಟ್ಟೆವು.

ಇಲಾಖೆಯವರು ಕೊಡುವುದು ಔಷಧಿಯಲ್ಲ, ಇನ್ನೊಂದು ಹುಳು. ಗೋನಿಯೋಜಸ್ ಎಂಬ ಇರುವೆಯಷ್ಟು ಸಣ್ಣ ಕಣಜ. ಪ್ರಯೋಗಾಲಯದಲ್ಲಿ ಬೆಳೆಸಿ ಗಾಜಿನ ಕೊಳವೆಗಳಲ್ಲಿ ಕೊಡುತ್ತಾರೆ. ಮರಕ್ಕೆ ಹತ್ತರಿಂದ ಇಪ್ಪತ್ತರಂತೆ, ಹದಿನೈದು ದಿನಕ್ಕೊಮ್ಮೆ ಬಿಡಬೇಕು. ಹೆಣ್ಣು ಕಣಜ ಸುರಂಗದೊಳಗೆ ನುಗ್ಗಿ ಕಪ್ಪುತಲೆ ಹುಳುವನ್ನು ಕುಟುಕಿ ನಿಶ್ಚೇಷ್ಟಿತ ಮಾಡಿ ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಆಮೇಲೆ ಹೊರಟುಹೋಗುವುದಿಲ್ಲ. ಮರಿಗಳು ಬೆಳೆಯುವವರೆಗೆ ಅಲ್ಲೇ ಕಾವಲು ಇರುತ್ತದೆ. ಇಷ್ಟು ಸಣ್ಣ ಹುಳುವಿನಲ್ಲಿ ಇಂಥ ತಾಯ್ತನ! ಹುಳು ಎಳೆಯದೋ, ಬಲಿತದ್ದೋ, ಕೋಶವಾಗಿದೆಯೋ ನೋಡಿಕೊಂಡು ಬಿಡಬೇಕಾದ್ದರಿಂದ ನಮ್ಮ ತಾರೀಖುಗಳು ಕೆಲಸಕ್ಕೆ ಬಂದವು. ಔಷಧಿ ಹೊಡೆದಿದ್ದರೆ ಸುರಂಗದೊಳಗಿನ ಹುಳು ಉಳಿದು ಹೊರಗಿನ ಕಣಜಗಳೇ ಮೊದಲು ಸಾಯುತ್ತಿದ್ದವು. ಅರವತ್ತು ಅಡಿ ಮರದ ತಲೆಗೆ ಕೈಪಂಪಿನ ನೀರು ಮುಟ್ಟುವುದೂ ಅಷ್ಟಕ್ಕಷ್ಟೇ.

ತೀರಾ ಹಾಳಾದ ಕೆಳಗರಿಗಳನ್ನು ಕಡಿಸಿ ಸುಟ್ಟೆವು. ನಾಲ್ಕು ಸಲ ಕಣಜ ಬಿಟ್ಟೆವು. ಒಣಗಿದ ಗರಿ ಮತ್ತೆ ಹಸಿರಾಗುವುದಿಲ್ಲ, ಮುಂದಿನ ವರ್ಷದ ಕಾಯಿಗೆ ಪೆಟ್ಟು ಬಿದ್ದೇ ಬೀಳುತ್ತದೆ. ಆದರೆ ಜೂನ್ ಹೊತ್ತಿಗೆ ನಡುವಿನ ಹೊಸ ಗರಿಗಳು ಚೊಕ್ಕಟವಾಗಿ ಬಂದವು. ಹತ್ತು ಮರಗಳ ಲೆಕ್ಕ ಹದಿಮೂರರಿಂದ ಮೇಲೆ ಹೋಗಲಿಲ್ಲ. ಗೌಡರು ಈಗ ಅವರ ತೋಟದಲ್ಲೂ ಹತ್ತು ಮರಕ್ಕೆ ಸುಣ್ಣದ ಪಟ್ಟೆ ಬಳಿಸಿದ್ದಾರೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಈ ವರ್ಷ ಭರಣಿ ಹೆಸರಿಗಷ್ಟೇ ಹನಿಯಿತು. ಕೃತ್ತಿಕೆಯ ಮೂರನೆಯ ದಿನ ಸಂಜೆ ಗುಡುಗಿ ಸುರಿಯಿತು. ಆ ಸಂಜೆ ಈಸಲು ಹುಳು ನೆಲದಿಂದ ಹೊಗೆಯಂತೆ ಎದ್ದಿತು. ಕಾಜಾಣ, ಗೊರವಂಕ, ಹದ್ದು, ಕಾಗೆ, ಎಲ್ಲಕ್ಕೂ ಒಂದೇ ಪಂಕ್ತಿಯಲ್ಲಿ ಊಟ. ಮೂರು ದಿನ ಬಿಟ್ಟು ಪಂಚೆಯ ಮೇಲೆ ಹೊಸ ಅತಿಥಿಗಳು: ಬಿಳಿ ರೆಕ್ಕೆ, ಮುಂಭಾಗದ ಅಂಚಿನಲ್ಲಿ ಹಳದಿ ಗೆರೆ. ಒಂದೇ ರಾತ್ರಿ ಇಪ್ಪತ್ತೆರಡು. ಹಿಂದಿನ ನಲವತ್ತು ದಿನ ಅದರ ಸಾಲಿನಲ್ಲಿ ಬರೀ ನಿಲ್ ಇತ್ತು. ಕೆಂಪುತಲೆ ಕಂಬಳಿಹುಳುವಿನ ಪತಂಗ ಇದು. ವರ್ಷದ ಬಹುಭಾಗ ಮಣ್ಣಿನೊಳಗೆ ಕೋಶವಾಗಿ ಮಲಗಿದ್ದು, ಮೊದಲ ಹದ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ. ಕಡಲೆಕಾಯಿ ಹೊಲಕ್ಕೆ ಇದರ ಹುಳುಗಳು ದಂಡಿನಂತೆ ಬೀಳುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಹಿರಿಯರು ಮೊದಲ ಮಳೆಯ ರಾತ್ರಿಗಳಲ್ಲಿ ಹೊಲದ ಬದುವಿನಲ್ಲಿ ಬೆಂಕಿ ಹಾಕಿ ಪತಂಗಗಳನ್ನು ಸುಡುತ್ತಿದ್ದರು. ಪುಸ್ತಕ ಬರೆಯದಿದ್ದರೂ ಅವರಿಗೆ ಲೆಕ್ಕ ಗೊತ್ತಿತ್ತು.

ಬ್ಯಾಂಕಿನಲ್ಲಿ ಎರಡು ಕಡೆಯ ಲೆಕ್ಕ ಎಂದಿದೆ. ಒಂದು ಖಾತೆಯಲ್ಲಿ ಖರ್ಚು ಬಿದ್ದರೆ ಇನ್ನೊಂದರಲ್ಲಿ ಜಮಾ ಕಾಣಲೇಬೇಕು. ನಮ್ಮ ಪುಸ್ತಕದ ಎರಡು ಪುಟಗಳೂ ಹಾಗೆಯೇ ತಾಳೆಯಾದದ್ದು ಜೂನ್ ಮೊದಲ ವಾರ. ಬಲಗಡೆ ಹೊಲದ ಬದುವಿನಲ್ಲಿ ಕಂಬಳಿಹುಳು ಎಂದು ಬರೆದ ನಾಲ್ಕನೆಯ ದಿನ ಎಡಗಡೆ ಚಾತಕ ಬಂತು. ಕಪ್ಪು ಬಿಳುಪು ಮೈ, ತಲೆಯ ಮೇಲೆ ಜುಟ್ಟು. ಮಳೆಹನಿಯನ್ನಷ್ಟೇ ಕುಡಿದು ಬದುಕುತ್ತದೆ ಎಂಬುದು ಕವಿಗಳ ಮಾತು. ನಮ್ಮ ಚಾತಕ ಜಾಲಿ ಕೊಂಬೆಯ ಮೇಲೆ ಕೂತು ಬೇರೆ ಹಕ್ಕಿಗಳು ಮೂಸಿಯೂ ನೋಡದ ಕಂಬಳಿಹುಳುವನ್ನು ರೋಮದ ಸಮೇತ ನುಂಗುತ್ತಿತ್ತು. ಉತ್ತರ ಮತ್ತು ಮಧ್ಯ ಭಾರತಕ್ಕೆ ಮಳೆಯ ಜೊತೆ ಬರುವ ಚಾತಕಗಳು ಆಫ್ರಿಕಾದಿಂದ ಸಮುದ್ರ ದಾಟಿ ಬರುತ್ತವೆ. ದಕ್ಷಿಣದಲ್ಲಿ ವರ್ಷವಿಡೀ ಇರುವವೂ ಇವೆ. ಇದು ಮೊಟ್ಟೆ ಇಡುವುದು ಹರಟೆಮಲ್ಲನ ಗೂಡಿನಲ್ಲಿ. ಕಾಳು ತಿನ್ನುವ ಗುಬ್ಬಿ, ಗೀಜಗ ಕೂಡ ಮರಿಗಳಿಗೆ ತಿನ್ನಿಸುವುದು ಹುಳುವನ್ನೇ. ಮಳೆ ಬಂದು ಪತಂಗ ಎದ್ದರೆ ಹುಳು, ಹುಳು ಇದ್ದರೆ ಮರಿ.

ಒಂದೂರಿನ ಪುಸ್ತಕದಿಂದ ಏನಾಗುತ್ತದೆ ಎನ್ನುವವರಿಗೆ ಎರಡು ಮಾತು. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ರಂಗನತಿಟ್ಟು ಪಕ್ಷಿಧಾಮವಾದದ್ದು ಆ ಹೊತ್ತಿನ ಅವರ ಸಲಹೆಯಿಂದ. ಜಾಗ, ತಾರೀಖು ಬರೆದಿಟ್ಟದ್ದರಿಂದಲೇ ಆ ಸಮೀಕ್ಷೆಯನ್ನು ಇಂದಿನದರ ಜೊತೆ ಇಟ್ಟು ನೋಡಬಹುದು. 2023ರಲ್ಲಿ ಬಂದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಗಳ ಲೆಕ್ಕ ನೋಡಿತು. ಅದಕ್ಕೆ ಆಧಾರ ಸುಮಾರು ಮೂವತ್ತು ಸಾವಿರ ಜನ ಹವ್ಯಾಸಿಗಳು ಇ-ಬರ್ಡ್ ಎಂಬಲ್ಲಿ ಬರೆದ ಪಟ್ಟಿಗಳು. ಕೋಗಿಲೆ, ನವಿಲು ಹೆಚ್ಚುತ್ತಿವೆ ಎಂದು ಅದು ಹೇಳಿತು. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ ಎಂದಿತು. ಹುಳಿಯಾರು ರಸ್ತೆಯ ತಂತಿಯ ಮೇಲೆ ನೀಲಕಂಠ ಕೂರುತ್ತಿದ್ದ ಕಂಬ ನನಗೆ ಗೊತ್ತು. ಈ ಬೇಸಿಗೆ ಅದರ ಸಾಲಿನಲ್ಲಿ ಎಪ್ಪತ್ತೊಂದು ನಿಲ್, ನಾಲ್ಕು ದಿನ ಮಾತ್ರ ಒಂದೊಂದು. ಮೊಮ್ಮಗಳು ಈಗ ನಮ್ಮ ಎಡಗಡೆಯ ಪುಟವನ್ನು ಫೋನಿನಿಂದ ಇ-ಬರ್ಡ್‌ಗೆ ಹಾಕುತ್ತಾಳೆ. ಗೂಡಿನ ಜಾಗವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಮೊಟ್ಟೆಯ ಫೋಟೋ ಹಾಕುವುದಿಲ್ಲ. ಅದು ಮನೆಯ ಕಾನೂನು. ಕಂಬಳಿಹುಳುವನ್ನು ಬರಿಗೈಲಿ ಮುಟ್ಟಬಾರದು, ರಾತ್ರಿ ಪಂಚೆಯ ಹತ್ತಿರ ಟಾರ್ಚು, ಚಪ್ಪಲಿ ಇಲ್ಲದೆ ಹೋಗಬಾರದು ಎಂಬುದೂ ಕಾನೂನೇ.

ಮೃಗಶಿರಾ ಹಿಡಿಯುವ ಹೊತ್ತಿಗೆ ಬಾವಿಯ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ ಗೀಜಗಗಳು ಕೆಲಸಕ್ಕೆ ಇಳಿದವು. ಇವುಗಳ ಸಂಸಾರದ ಗುಟ್ಟನ್ನು ಬಿಡಿಸಿದವರೂ ಸಲೀಂ ಅಲಿಯವರೇ. 1930ರ ಸುಮಾರಿಗೆ ಅವರಿಗೆ ಕೆಲಸವಿರಲಿಲ್ಲ. ಮಹಾರಾಷ್ಟ್ರದ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಏಣಿಯ ಮೇಲೆ ಬಟ್ಟೆಯ ಮರೆ ಕಟ್ಟಿಕೊಂಡು ಗೀಜಗಗಳನ್ನು ನೋಡುತ್ತಾ ಬರೆಯುತ್ತಾ ಕೂತರು. ಗಂಡು ಅರ್ಧ ಗೂಡು ನೇಯ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಎಳೆದು ಜಗ್ಗಿ ನೋಡಿ ಒಪ್ಪಿದರೆ ಉಳಿದರ್ಧ, ಕೆಳಗಿಳಿಯುವ ಕೊಳವೆ ಬಾಗಿಲು. ಅದು ಅಲ್ಲಿ ನೆಲೆಯಾದ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೂಡಿನೊಳಗೆ ಮಿಂಚುಹುಳ ಅಂಟಿಸಿ ದೀಪ ಹಚ್ಚುತ್ತದೆ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಗಾಳಿಗೆ ಬಿದ್ದ ಹಳೆಯ ಗೂಡುಗಳನ್ನು ಬಿಡಿಸಿ ನೋಡಿದ್ದೇನೆ. ಒಳಗೆ ಮೆತ್ತಿದ ಹಸಿಮಣ್ಣು ಇರುತ್ತದೆ, ಮಿಂಚುಹುಳ ಇರುವುದಿಲ್ಲ.

ಬಾವಿಯ ಮೇಲೆ ಈಗ ಒಂಬತ್ತು ಗೂಡುಗಳಿವೆ. ಮೊಮ್ಮಗಳು ಒಂದೊಂದಕ್ಕೂ ಖಾತೆ ನಂಬರು ಕೊಟ್ಟು ಹೋಗಿದ್ದಾಳೆ, ದಿನಾ ಸಂಜೆ ಫೋನು ಮಾಡಿ ವಿಚಾರಿಸುತ್ತಾಳೆ. ಜೂನ್ 14ರ ವರದಿ: ಎರಡು, ಐದು, ಏಳು ಮತ್ತು ಎಂಟನೆಯ ಗೂಡಿಗೆ ಕೊಳವೆ ಇಳಿದಿದೆ. ಮೂರನೆಯದನ್ನು ಇಬ್ಬರು ಹೆಣ್ಣು ನೋಡಿ ಬಿಟ್ಟುಹೋದರು. ಅದರ ಯಜಮಾನ ಪಕ್ಕದ ಗರಿಯಲ್ಲಿ ಹೊಸ ಗಂಟು ಹಾಕುತ್ತಿದ್ದಾನೆ. ಹತ್ತನೆಯ ನಂಬರು ಅದಕ್ಕೇ ಕೊಡು ಎಂದಿದ್ದಾಳೆ.